ಹಿಂದಿನ ಗಾಲಿಗಳ ರಾಜಿ ಪಂಚಾಯಿತಿ

ಕಾಫಿಗೆ ಕಂಡು ಕೇಳರಿಯದ ರೇಟು ಬಂದ 2024ರಲ್ಲಿ ಮೂಡಿಗೆರೆ ಕಡೆಯ ನಮ್ಮ ಭಾವ ಎರಡು ಕೆಲಸ ಮಾಡಿದರು. ಅಣ್ಣನ ಹತ್ತಿರ ತೋಟದ ಪಾಲು ತಗೊಂಡರು. ಆ ಪಾಲಿನ ಫಸಲು ಮಾರಿ ಎಸ್‌ಯುವಿ ತಗೊಂಡರು. "ಹಿಂದಿನ ಎರಡು ಗಾಲಿಗೂ ಬೇರೆ ಬೇರೆ ಸಸ್ಪೆನ್ಷನ್ ಮಾರಾಯ, ಒಂದಕ್ಕೆ ಆದದ್ದು ಇನ್ನೊಂದಕ್ಕೆ ಗೊತ್ತೇ ಆಗಲ್ಲ" ಅಂತ ಊರಿಗೆಲ್ಲ ಸಾರಿದರು. ಅಣ್ಣತಮ್ಮಂದಿರ ಸ್ಥಿತಿಯೂ ಆಗ ಹಾಗೇ ಇದ್ದದ್ದರಿಂದ ಯಾರೂ ನಗಲಿಲ್ಲ.

ಟಾರು ರಸ್ತೆಯಿಂದ ತೋಟಕ್ಕೆ ತಿರುಗುವಲ್ಲಿ ಒಂದು ರಸ್ತೆ ಇದೆ. ಇದೆ ಅನ್ನುವುದು ದಾಖಲೆಯ ಮಾತು. ಮೂರು ಸಲ ಗುದ್ದಲಿ ಪೂಜೆ ಆಗಿದೆ. ಈಗಿರುವ ಗುಂಡಿಗಳೆಲ್ಲ ಆ ಗುದ್ದಲಿ ಏಟಿನವೇ ಅಂತ ಊರಲ್ಲಿ ಒಂದು ವಾದ. ಆರಿದ್ರಾ ಮಳೆಗೆ ಹೊಸ ಗಾಡಿಯ ಒಂದು ಗಾಲಿ ಗುಂಡಿಯಲ್ಲಿ, ಇನ್ನೊಂದು ಗಾಳಿಯಲ್ಲಿ ಗಿರಗಿರ. ಪುನರ್ವಸು ಬರುವ ಹೊತ್ತಿಗೆ ಬಲಗಡೆ ಗಾಲಿ ತಿರುಗಿಸುವ ಶಾಫ್ಟಿನ ರಬ್ಬರ್ ಬೂಟು ಹರಿದು, ಕೆಸರು ಹೊಕ್ಕು, ಜಾಯಿಂಟು ಕಟಕಟ ಅನ್ನತೊಡಗಿತು. ಭಾವ ಕೊಡೆ ಹಿಡಿದು ನಿಂತಿದ್ದ ಹಾಗೇ, ಹತ್ತು ಹದಿನೈದು ಆಳು ತುಂಬಿಕೊಂಡ ಹಳೇ ಜೀಪೊಂದು ಪಕ್ಕದಲ್ಲೇ ಹತ್ತಿ ಹೋಯಿತು. ಆಳುಗಳು ನಕ್ಕರಂತೆ. ಗಾಡಿಗಿಂತ ಭಾವನಿಗೆ ಏಟಾದದ್ದು ಅಲ್ಲಿ.

ಗ್ಯಾರೇಜಿನ ಮೇಸ್ತ್ರಿ ಹೇಳಿದ ಮದ್ದು: ಗಟ್ಟಿ ಆಕ್ಸಲ್. ಎರಡು ಗಾಲಿಗೂ ಒಂದೇ ತೊಲೆ. ಒಂದು ಗಾಲಿ ಕಲ್ಲು ಹತ್ತಿದರೆ ಇನ್ನೊಂದನ್ನು ನೆಲಕ್ಕೆ ಒತ್ತುತ್ತೆ. ಎಂಜಿನ್ನಿನ ಬಲವನ್ನು ಎರಡು ಗಾಲಿಗೂ ಹಂಚುವ ಡಿಫರೆನ್ಷಿಯಲ್ ಗುಂಡು ಗಾಡಿಯ ಮೈಗೆ ನೇತುಬೀಳದೆ ಗಾಲಿಗಳ ಜೊತೆಗೇ ಏರಿಳಿಯುವುದರಿಂದ, ಮೇಲೆ ಗಾಡಿ ಎಷ್ಟೇ ಕುಗ್ಗಿದರೂ ಅದರ ಅಡಿಯ ಜಾಗ ಕಡಿಮೆಯಾಗಲ್ಲ. ಎತ್ತಿನಗಾಡಿಗೂ ಇದ್ದದ್ದು ಇಂಥದೇ ಅಚ್ಚು. ನಾನು ಹಾಗಂದದ್ದಕ್ಕೆ ಭಾವ ಸಿಡಿದರು: "ಕೋಟಿಗಟ್ಟಲೆ ಬಾಳುವ ಬೆಂಜ್ ಜಿ-ಕ್ಲಾಸಿಗೂ ಹಿಂದೆ ಇರೋದು ಇದೇ, ತಿಳ್ಕೊ."

ಬೆಂಗಳೂರಿನ ಗುಜರಿಯಿಂದ ಯಾವುದೋ ದೊಡ್ಡ ಗಾಡಿಯ ಆಕ್ಸಲ್ ಬಂತು. ಶೆಡ್ಡಿನಲ್ಲಿ ಹೊಸ ಗಾಡಿಯ ಹಿಂಭಾಗ ಬಿಚ್ಚಿ ಟಾರ್ಪಾಲಿನ ಮೇಲೆ ಹರವಿದ್ದರು, ಕಂಪನಿ ಪೇಂಟೂ ಮಾಸದ ಲಿಂಕುಗಳು, ಗ್ರೀಸು ಕಕ್ಕುತ್ತಿದ್ದ ಎರಡು ಶಾಫ್ಟು. ಚಾಸಿಗೆ ಹೊಸ ಬ್ರಾಕೆಟ್ಟು ವೆಲ್ಡಾಗಬೇಕು, ಹಿಂದಿನ ಆಕ್ಸಲ್ಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಾಗಬೇಕು, ನಾಲ್ಕೂ ಗಾಲಿಗೆ ಎಂಜಿನ್ ಬಲ ಹೋಗುವ ಫೋರ್ ವೀಲ್ ಡ್ರೈವ್ ಆದ್ದರಿಂದ ಮುಂದಿನ ಆಕ್ಸಲ್ಲಿನ ಹಲ್ಲಿನ ಲೆಕ್ಕಕ್ಕೆ ಹಿಂದಿನದೂ ತಾಳೆಯಾಗಬೇಕು. ಆ ಶಾಫ್ಟು ಬಂದು ಸೇರುವ ಹಲ್ಲುಚಕ್ರ, ಪಿನಿಯನ್ನಿನ ಕೋನ ಒಂದಿಷ್ಟು ತಪ್ಪಿದರೂ ಗಾಡಿ ನಡುಗುತ್ತೆ ಅಂತ ಮೇಸ್ತ್ರಿ, ಮಗಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಹಿಡಿದು ಗಾಡಿ ಅಡಿ ಮಲಗಿದ್ದ. ಗಾಲಿಯ ಸೆನ್ಸರು ಮಾತ್ರ ಹೊಸ ಮನೆಗೆ ಹೊಂದಿಕೊಳ್ಳಲಿಲ್ಲ. ಬ್ರೇಕ್ ಹಾಕಿದಾಗ ಗಾಲಿ ಕಚ್ಚಿಕೊಳ್ಳದಂತೆ ನೋಡುವ ಎಬಿಎಸ್ಸಿನ ಹಳದಿ ದೀಪ ಆರಲೇ ಇಲ್ಲ. ಭಾವ ಅದರ ಮೇಲೆ ಗಣಪತಿ ಸ್ಟಿಕ್ಕರ್ ಅಂಟಿಸಿದ್ದಾರೆ. ಈಗ ದೇವರ ಹಿಂದೆ ಪ್ರಭಾವಳಿ.

ಇದು ಅಪರಾಧ, ಗೊತ್ತಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ, ಇಲ್ಲವೇ ಎರಡೂ. ರಸ್ತೆ ಮಾಡುವವರನ್ನೂ ಆ ತಿದ್ದುಪಡಿ ಮರೆತಿಲ್ಲ. ಅವರು ಮಾನದಂಡ ಮೀರಿದ್ದರಿಂದ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಒಂದು ಲಕ್ಷದವರೆಗೆ ದಂಡ. ಜೈಲಿನ ಮಾತಿಲ್ಲ. ಅಂದರೆ ಗುಂಡಿಗೆ ತಕ್ಕ ಗಾಡಿ ಮಾಡಿಕೊಂಡ ಭಾವ ಒಳಗೆ ಹೋಗಬಹುದು. ಪ್ರತಿ ಮಳೆಗಾಲ ಯಾರ ಅಪ್ಪಣೆಯೂ ಇಲ್ಲದೆ ಮಾರ್ಪಾಡಾಗುವ ರಸ್ತೆ ಮಾತ್ರ ಹೊರಗೇ ಮಲಗಿರುತ್ತೆ, ಕಾಲು ಚಾಚಿಕೊಂಡು.

ಮೊನ್ನೆ ನಾನೂ ಕೂತು ಬಂದೆ. ಗುಂಡಿಗಳನ್ನು ಕೋಣ ಗದ್ದೆ ದಾಟಿದಂತೆ ದಾಟಿತು, ಒಪ್ಪಬೇಕು. ಟಾರು ರಸ್ತೆಗೆ ಬಂದಮೇಲೆ ಹಿಂಭಾಗ ಕುಪ್ಪಳಿಸತೊಡಗಿತು. ಅಷ್ಟು ಕಬ್ಬಿಣ ಸ್ಪ್ರಿಂಗಿನ ಕೆಳಗೆ ಕುಣಿದರೆ ಇನ್ನೇನಾಗುತ್ತೆ? ಹಿಂದಿನ ಸೀಟಲ್ಲಿದ್ದ ಅಕ್ಕ ತಲೆ ಸವರಿಕೊಂಡು, "ಮಾವನೋರ ಜೀಪೂ ಹೀಗೇ ಎತ್ತಿಹಾಕ್ತಿತ್ತು. ಅದನ್ನ ಗುಜರಿಗೆ ಕೊಟ್ಟೋರು ಇವರೇ" ಅಂದಳು. ಭಾವ ಹಾರನ್ ಒತ್ತಿದರು. ಎದುರಿಗೆ ಯಾರೂ ಇರಲಿಲ್ಲ.

ಸಂಜೆ ಊರಿನವರು ರಸ್ತೆ ರಿಪೇರಿಗೆ ಮನವಿ ಬರೆದುಕೊಂಡು ಸಹಿಗೆ ಬಂದರು. ಎಲ್ಲರಿಗಿಂತ ಮೇಲೆ ಅಣ್ಣನ ಸಹಿ. ಭಾವ ಹಾಳೆಯನ್ನು ಎರಡು ಸಲ ಓದಿದರು, ಅಂಗಳದಲ್ಲಿದ್ದ ಗಾಡಿ ನೋಡಿದರು.

"ಈಗಷ್ಟೇ ಇಷ್ಟು ಖರ್ಚು ಮಾಡಿದ್ದೀನಿ ಮಾರಾಯ್ರೆ. ರಸ್ತೆ ಸರಿಹೋದ್ರೆ ನನ್ನ ಆಕ್ಸಲ್ಲಿಗೆ ಎಂಥ ಕೆಲಸ?"

ಕಾಫಿ ಕೊಟ್ಟು ಕಳಿಸಿದರು. ಸಹಿ ಹಾಕಲಿಲ್ಲ. ಪೆನ್ನು ಮಾತ್ರ ಅವರ ಜೇಬಲ್ಲೇ ಉಳಿಯಿತು.