ಎರಡು ಮೀಟರ್ ಆಳದ ಲೆಕ್ಕ

ಅಲಾಸ್ಕಾದ ಉತ್ತರ ತುದಿಯನ್ನು ಒಮ್ಮೆ ಸ್ಯಾಟಲೈಟ್ ಮ್ಯಾಪಿನಲ್ಲಿ ದೊಡ್ಡದು ಮಾಡಿ ನೋಡಿ. ಉಟ್ಕಿಯಾಗ್ವಿಕ್ ಊರಿನ ದಕ್ಷಿಣಕ್ಕೆ ಸಾವಿರಾರು ಕೆರೆಗಳು. ಎಲ್ಲವೂ ಉದ್ದುದ್ದ, ಒಂದೇ ಕಡೆ ತಲೆ ಹಾಕಿ ಮಲಗಿದ ಹಾಗೆ. ಅಲ್ಲಿ ಗಾಳಿ ಜಾಸ್ತಿ ಬೀಸುವುದು ಪೂರ್ವ, ಈಶಾನ್ಯದ ಕಡೆಯಿಂದ. ಕೆರೆಗಳು ಅದಕ್ಕೆ ಅಡ್ಡವಾಗಿ ಬೆಳೆದಿವೆ.

ಇಂಥ ಜಾಗವನ್ನು ಯಾರಾದರೂ 'ಬರೀ ಹಿಮ, ಖಾಲಿ ನೆಲ' ಅಂದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ವರ್ಷಕ್ಕೆ ಅಲ್ಲಿ ಮಳೆ, ಹಿಮ ಎಲ್ಲ ಸೇರಿ ಅಳತೆಗೆ ಸಿಗುವುದು ಸುಮಾರು 14 ಸೆಂಟಿಮೀಟರ್ ನೀರು. ಆದರೂ ಎಲ್ಲಿ ನೋಡಿದರೂ ನೀರೇ. ಕೆಳಗಿನ ನೆಲ ನೂರಾರು ಮೀಟರ್ ಆಳಕ್ಕೆ ಹೆಪ್ಪುಗಟ್ಟಿದೆ, ಹನಿಯೂ ಇಂಗುವುದಿಲ್ಲ. ಆ ನೆಲದೊಳಗಿನ ಮಂಜು ಕರಗಿ ಕುಸಿದ ಗುಂಡಿಗಳೇ ಈ ಕೆರೆಗಳು.

ಚಳಿಗಾಲದಲ್ಲಿ ಮೇಲಿನ ಮಂಜುಗಡ್ಡೆ ಎರಡು ಮೀಟರ್‌ವರೆಗೆ ದಪ್ಪವಾಗುತ್ತದೆ. ಅಷ್ಟು ಆಳವಿಲ್ಲದ ಕೆರೆ ತಳದವರೆಗೂ ಗಟ್ಟಿ. ಅದಕ್ಕಿಂತ ಆಳವಿದ್ದರೆ ಮಾತ್ರ ಅಡಿಯಲ್ಲಿ ನೀರು ಉಳಿಯುತ್ತದೆ, ಮೀನೂ ಉಳಿಯಬಹುದು. ತೈಲ ಕಂಪನಿಗಳು ನೀರು ಹೆಪ್ಪುಗಟ್ಟಿಸಿ ಮಂಜುಗಡ್ಡೆಯ ರಸ್ತೆ ಮಾಡಲು ಕೆರೆಗಳಿಂದ ನೀರು ಎತ್ತುತ್ತವೆ. ಅಡಿಯಲ್ಲಿ ಉಳಿದ ಆ ಸ್ವಲ್ಪ ನೀರಿಗೆ ಪೈಪು ಇಳಿಸುವ ಮುಂಚೆ ಹತ್ತು ಸಲ ಯೋಚಿಸಬೇಕು ಅಲ್ವಾ?

ಕೊಲ್ವಿಲ್ ನದಿಯ ಮುಖದ ಹತ್ತಿರ ನುಯಿಕ್ಸುಟ್ ಊರಿದೆ. ನದಿ ಹೆಪ್ಪುಗಟ್ಟಿದ ಮೇಲೆ ಅಲ್ಲಿನ ಇನ್ಯೂಪಿಯಾಟ್ ಜನ ಗಡ್ಡೆಯಲ್ಲಿ ತೂತು ಕೊರೆದು ಅಡಿಯಲ್ಲಿ ಬಲೆ ಕಟ್ಟುತ್ತಾರೆ. ಬಲೆಗೆ ಬೀಳುವುದು ಅವರ ಮೆಚ್ಚಿನ 'ಕಾಕ್ತಾಕ್'. ಈ ಮೀನು ಹುಟ್ಟುವುದು ದೂರದ ಕೆನಡಾದ ಮೆಕೆಂಜಿ ನದಿಯಲ್ಲಿ. ಪೂರ್ವದ ಗಾಳಿ ಜೋರಿದ್ದ ಬೇಸಿಗೆಯಲ್ಲಿ ಮರಿಗಳು ಕರಾವಳಿ ಹಿಡಿದು ತೇಲಿ ಇಲ್ಲಿಗೆ ಬರುತ್ತವೆ. ಗಾಳಿ ಕೈಕೊಟ್ಟ ವರ್ಷದ ಕೊರತೆ, ಮರಿಗಳು ಬೆಳೆಯಬೇಕಾದ ಐದಾರು ವರ್ಷದ ನಂತರ ಬಲೆಯಲ್ಲಿ ಕಾಣುತ್ತದೆ. ಖಾಲಿ ನೆಲದ ಲೆಕ್ಕ ಇಷ್ಟು ಸೂಕ್ಷ್ಮವಾಗಿರುತ್ತದೆಯೇ?

ಟೆಶೆಕ್‌ಪುಕ್ ಕೆರೆಯ ಸುತ್ತಮುತ್ತ ಸಾವಿರಾರು ಹೆಬ್ಬಾತುಗಳು ಗರಿ ಉದುರಿಸಲೆಂದೇ ಬರುತ್ತವೆ. ಸುಮಾರು ಮೂರು ವಾರ ಅವಕ್ಕೆ ಹಾರಲು ಆಗುವುದಿಲ್ಲ. ಆ ದಿನಗಳಲ್ಲಿ ನೀರೇ ಅವಕ್ಕೆ ಕಾವಲು. ಅಲ್ಲೂ ತೈಲದ ಕಣ್ಣು ಬಿದ್ದಿದೆ. ಆ ಜಾಗವನ್ನು ಸುಮ್ನೆ ಬಿಟ್ಟುಬಿಡಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಪಶ್ಚಿಮಕ್ಕೆ, ಕಾಸೆಗಾಲುಕ್ ಹಿನ್ನೀರಿನ ದಡದಲ್ಲಿ ಪಾಯಿಂಟ್ ಲೇ ಎಂಬ ಸಣ್ಣ ಊರು. ಊರಿಗೆಲ್ಲ ಕುಡಿಯುವ ನೀರು ಕೊಡುತ್ತಿದ್ದದ್ದು ಒಂದು ಕೆರೆ. 2016ರಲ್ಲಿ ದಂಡೆಯೊಳಗಿನ ಮಂಜು ಕರಗಿ ದಾರಿ ಬಿಟ್ಟಿತು. ಕೆರೆಯ ನೀರೆಲ್ಲ ಹರಿದು ಹೋಯಿತು.