ಮೊದಲ ನೂರು ಪುಟ

"ಮೊದಲ ನೂರು ಪುಟ ಹೇಗಾದ್ರೂ ತಾಳ್ಕೊಂಡ್ಬಿಡಿ ಮಾವ, ಆಮೇಲೆ ಕೆಳಗಿಡೋಕೇ ಆಗಲ್ಲ" ಎಂದು ತಂಗಿಯ ಮಗಳು ದಪ್ಪ ಪುಸ್ತಕವೊಂದನ್ನು ನನ್ನ ಕೈಗಿಟ್ಟಳು. ಡ್ರ್ಯಾಗನ್ನು, ಶಾಪ, ಪ್ರೇಮ ಎಲ್ಲ ಇದೆಯಂತೆ. ಇಂಥ ಶಿಫಾರಸು ಕೇಳಿದರೇ ನನಗೆ ಮೈಯುರಿಯುತ್ತದೆ. ಮೊದಲ ದೋಸೆ ಕಾವಲಿಗೆ ಅಂಟಿದರೆ ಒಪ್ಪೋಣ. ನೂರು ದೋಸೆ ಅಂಟಿದರೆ ತಪ್ಪು ಕಾವಲಿಯದಲ್ಲ.

ಬಾಯಿಬಿಟ್ಟು ಹೇಳುವಂತಿಲ್ಲ, ನಾನೇ ಬಾಣನ ಸಂಸ್ಕೃತ ಗದ್ಯಕಾವ್ಯ 'ಕಾದಂಬರಿ'ಯ ಭಕ್ತ. ಏಳನೆಯ ಶತಮಾನದ ಆ ಪುಣ್ಯಾತ್ಮ ಗದ್ಯವನ್ನು 'ಇದ್ದನು' ಎಂದು ಶುರುಮಾಡುತ್ತಾನೆ. ಯಾರಪ್ಪಾ ಇದ್ದದ್ದು ಎಂದು ಕಾದು ಕಾದು, ವಿಶೇಷಣಗಳೆಲ್ಲ ಮುಗಿದ ಮೇಲೆ 'ಶೂದ್ರಕನೆಂಬ ರಾಜ' ಬರುತ್ತಾನೆ. ಅವನಿಗೆ ಗಿಳಿ ಕಥೆ ಹೇಳುತ್ತದೆ. ಆ ಕಥೆಯೊಳಗೆ ಜಾಬಾಲಿ ಮುನಿ ಇನ್ನೊಂದು ಕಥೆ ಹೇಳುತ್ತಾನೆ. ಅದರ ನಾಯಕ ಚಂದ್ರಾಪೀಡ ಹುಟ್ಟಿ, ಓದಿ, ಸದ್ಯ ದೊಡ್ಡವನಾದ ಎನ್ನುವಷ್ಟರಲ್ಲಿ ಮಂತ್ರಿ ಶುಕನಾಸ ಉಪದೇಶಕ್ಕೆ ನಿಲ್ಲುತ್ತಾನೆ. (ಇಡೀ ಪ್ರೇಮಕಥೆಯಲ್ಲಿ ಈ ಭಾಷಣವನ್ನೇ ಹುಡುಕಿ ಪಠ್ಯಕ್ಕಿಡುವುದು ಮೇಷ್ಟ್ರುಗಳಿಂದ ಮಾತ್ರ ಸಾಧ್ಯ.) ನಾಯಕಿಯ ಸುಳಿವೇ ಇಲ್ಲ. ಆದರೆ ಕಿನ್ನರಜೋಡಿಯ ಬೆನ್ನುಹತ್ತಿ ದಾರಿತಪ್ಪಿದ ರಾಜಕುಮಾರನಿಗೆ ಅಚ್ಛೋದ ಸರೋವರದ ದಡದಲ್ಲಿ ತಪಸ್ವಿನಿ ಮಹಾಶ್ವೇತೆಯ ವೀಣೆ ಕೇಳಿಸುತ್ತದೆ ನೋಡಿ, ಅಲ್ಲಿ ನಾನು ಸೋತೆ.

ಅದಕ್ಕಿಂತ ಹೆಚ್ಚು ಸೋತದ್ದು ಮಹಾಶ್ವೇತೆಯ ಪ್ರಿಯಕರನ ಗೆಳೆಯ ಕಪಿಂಜಲನ ಪ್ರಸಂಗಕ್ಕೆ. ಬಾಣ ಅರ್ಧಕ್ಕೇ ತೀರಿಕೊಂಡದ್ದರಿಂದ ಮಗ ಬರೆದು ಪೂರೈಸಿದ ಭಾಗ ಅದು. ವಿರಹದಲ್ಲಿ ಸತ್ತ ಗೆಳೆಯನ ಸುದ್ದಿ ಹೊತ್ತು, ದುಃಖದಲ್ಲಿ ಕಣ್ಣುಕಾಣದೆ ಆಕಾಶದಲ್ಲಿ ಓಡುವಾಗ ಕಪಿಂಜಲ ವಿಮಾನಚಾರಿಯೊಬ್ಬನನ್ನು ದಾಟಿ ಹಾರಿಬಿಡುತ್ತಾನೆ. ಇಷ್ಟಗಲದ ಆಕಾಶದಲ್ಲಿ ಕುದುರೆಯ ಹಾಗೆ ನನ್ನ ಮೇಲೇ ಹಾರಿದೆಯಾ, ಕುದುರೆಯೇ ಆಗು ಎಂದು ಶಾಪ! ಓವರ್‌ಟೇಕ್ ಮಾಡಿದ್ದಕ್ಕೆ ಕುದುರೆಜನ್ಮ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಫುಟ್‌ಪಾತ್ ಹತ್ತಿ, ನನ್ನ ಮೊಣಕಾಲು ಸವರಿಕೊಂಡು, ಮೇಲಿಂದ ನನ್ನನ್ನೇ ಗುರಾಯಿಸುವ ಸ್ಕೂಟರ್ ವೀರರನ್ನು ಕಂಡಾಗಲೆಲ್ಲ ಆ ವಿಮಾನಚಾರಿಯ ನಾಲಿಗೆ ನನಗಿರಬಾರದಿತ್ತೇ ಎನಿಸುತ್ತದೆ. ಸಂಜೆಯೊಳಗೆ ಸಿಲ್ಕ್ ಬೋರ್ಡ್ ಜಂಕ್ಷನ್ ತುಂಬ ಕುದುರೆಗಳು, ಬೆನ್ನ ಮೇಲೆ ಇನ್ನೂ ಊಟದ ಡಬ್ಬಿಯ ಬ್ಯಾಗು. ಹುಲ್ಲಿನ ಟೆಂಡರು ಯಾರಿಗೆ ಸಿಕ್ಕೀತು ಎಂದೂ ಯೋಚಿಸಿದ್ದೇನೆ. ಟ್ರಾಫಿಕ್ ಆಗಲೂ ಕದಲುವುದಿಲ್ಲವೆನ್ನಿ.

ಏನೋ ಹೇಳಹೊರಟಿದ್ದೆ. ಹಾಂ, ಆ ಗಿಳಿ. ಅದು ಯಾರು, ಕಥೆ ಕೇಳುತ್ತ ಕೂತ ಶೂದ್ರಕ ಯಾರು ಎಂದು ಬಯಲಾಗುವುದು ಕೊನೆಗೆ. ತಿಳಿದಮೇಲೆ, ಆಕಳಿಸುತ್ತ ದಾಟಿದ್ದ ಪುಟಗಳಿಗೇ ಮರಳಿ ಹೋಗಬೇಕಾಯಿತು. ಅವಸರದವರಿಗೆ ಇದೇ ಕಥೆಯನ್ನು ಹೇಳುವ ನಾಗವರ್ಮನ ಕನ್ನಡ ಚಂಪೂ (ಗದ್ಯಪದ್ಯ ಬೆರೆತ ಕಾವ್ಯ) ಇದೆ, ಅವನು ಸಾಕಷ್ಟು ಮೊಟಕುಮಾಡಿದ್ದಾನೆ. ಗಿಳಿ ಯಾರೆಂದು ಮಾತ್ರ ನನ್ನನ್ನು ಕೇಳಬೇಡಿ. ನಾನು ಆಕಳಿಸಿದಷ್ಟು ನೀವೂ ಆಕಳಿಸಿ.