ಎಷ್ಟು ಚಿತ್ರ ಅಂತ ಬೇಡ, ಎಷ್ಟು ರೋಗಿಗಳು ಹೇಳಿ

ಕಾನ್ಫರೆನ್ಸಿನಿಂದ ಈಗಷ್ಟೇ ಮನೆಗೆ ಬಂದೆ. ಬ್ಯಾಗು ಇನ್ನೂ ಬಿಚ್ಚಿಲ್ಲ. ಸಿಟ್ಟು ಆರುವ ಮೊದಲು ಬರೆದುಬಿಡುತ್ತೇನೆ, ನಾಳೆಗಾದರೆ ಮರ್ಯಾದಸ್ಥಳಾಗಿಬಿಡುತ್ತೇನೆ.

ನಾನು ಪೆಥಾಲಜಿಸ್ಟ್, ಅಂದರೆ ದೇಹದಿಂದ ತೆಗೆದ ತುಣುಕನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಹೇಳುವವಳು. ಪೆಥಾಲಜಿ ಮತ್ತು ಎಐ ಅಂತ ಒಂದು ಇಡೀ ಸೆಷನ್ ಇತ್ತು. ಒಬ್ಬರಾದ ಮೇಲೆ ಒಬ್ಬರು ಬಂದರು. ಎಲ್ಲರ ಪಿಪಿಟಿಯಲ್ಲೂ ಮೊದಲಿಗೆ ನೀಲಿ ಮಿದುಳು, ಪಕ್ಕದಲ್ಲಿ ಮೈಕ್ರೋಸ್ಕೋಪಿಗೆ ಬಗ್ಗಿದ ಬಿಳಿ ರೋಬೋ. (ಮೈಕ್ರೋಸ್ಕೋಪಿನ ಮೇಲೆ ಗಾಜಿನ ಸ್ಲೈಡೇ ಇರಲಿಲ್ಲ. ಅದೇನು ನೋಡುತ್ತಿತ್ತೋ!) ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಶೇಕಡಾ ತೊಂಬತ್ತೊಂಬತ್ತು ಚಿಲ್ಲರೆ ಅಕ್ಯುರಸಿ. ಚಪ್ಪಾಳೆ.

ಸ್ತನ ಕ್ಯಾನ್ಸರ್ ಬಗ್ಗೆ ಮಾತಾಡಿದ ಹುಡುಗನಿಗೆ ಎದ್ದು ಒಂದೇ ಪ್ರಶ್ನೆ ಕೇಳಿದೆ. "ಎಷ್ಟು ಜನ ರೋಗಿಗಳಪ್ಪ ಇವರು?" "7909 ಇಮೇಜಸ್ ಮೇಡಂ" ಅಂದ. "ಇಮೇಜ್ ಅಲ್ಲ, ರೋಗಿಗಳು." ಹುಡುಗ ಗೈಡ್ ಕಡೆ ನೋಡಿದ. ಗೈಡ್ ಚೇರ್‌ಪರ್ಸನ್ ಕಡೆ ನೋಡಿದರು. ಚೇರ್‌ಪರ್ಸನ್ ಗಡಿಯಾರ ನೋಡಿ, "ಮೇಡಂ, ಅದನ್ನ ಟೀ ಬ್ರೇಕಲ್ಲಿ ಮಾತಾಡಿಕೊಳ್ಳಿ" ಅಂದರು. ಟೀ ಬ್ರೇಕಲ್ಲಿ ಹುಡುಗ ಪತ್ತೆಯೇ ಇಲ್ಲ.

ಉತ್ತರ ನನಗೆ ಗೊತ್ತಿತ್ತು. 82. ಸಂಖ್ಯೆ ಕೇಳಿದ ಕೂಡಲೇ ಗೊತ್ತಾಯಿತು, ಅದು ಬ್ರೇಕ್‌ಹಿಸ್ ಅನ್ನುವ, ಸ್ತನದ ಗೆಡ್ಡೆಗಳ ಮೈಕ್ರೋಸ್ಕೋಪ್ ಚಿತ್ರಗಳ ಸಂಗ್ರಹ. ಬ್ರೆಜಿಲ್‌ನ ಪರಾನಾ ರಾಜ್ಯದ ಒಂದು ಲ್ಯಾಬಿನಲ್ಲಿ 2014ರಲ್ಲಿ ಸೇರಿಸಿದ್ದು. 82 ಜನರಿಂದ 7909 ಚಿತ್ರ ಅಂದರೆ ಒಬ್ಬೊಬ್ಬರಿಂದ ಸರಾಸರಿ 96. ಒಂದೇ ಗೆಡ್ಡೆಯನ್ನು 40, 100, 200, 400 ಪಟ್ಟು ದೊಡ್ಡದು ಮಾಡಿ ತೆಗೆದ ಚಿತ್ರಗಳು. ಒಂದೇ ಹಂಡೆಯ ಸಾರನ್ನು ನೂರು ಲೋಟಕ್ಕೆ ಹುಯ್ದು "ನೂರು ಥರದ ಸಾರು ಕುಡಿದೆ" ಅಂದ ಹಾಗಾಯ್ತು!

ಈ ಚಿತ್ರಗಳನ್ನೆಲ್ಲ ಕಲಸಿ, ಮುಕ್ಕಾಲು ಭಾಗ ಮಷಿನ್‌ಗೆ ಕಲಿಸೋಕೆ, ಕಾಲು ಭಾಗ ಪರೀಕ್ಷೆಗೆ ಅಂತ ಹಂಚಿದರೆ ಏನಾಗುತ್ತದೆ? ಒಬ್ಬಳೇ ಹೆಂಗಸಿನ ಗೆಡ್ಡೆ ಎರಡೂ ಕಡೆ ಇರುತ್ತದೆ. ಮಷಿನ್ ಕ್ಯಾನ್ಸರನ್ನು ಗುರುತಿಸಬೇಕಾಗಿಯೇ ಇಲ್ಲ, ಆ ಹೆಂಗಸನ್ನು ಗುರುತಿಸಿದರೆ ಸಾಕು. ತಮಾಷೆ ಅಂದರೆ, ಈ ಸಂಗ್ರಹ ಮಾಡಿದವರು 2016ರ ತಮ್ಮ ಪೇಪರಿನಲ್ಲೇ ರೋಗಿಗಳನ್ನು ಬೇರೆ ಬೇರೆ ಇಟ್ಟು ಪರೀಕ್ಷೆ ಮಾಡಿದ್ದರು. ಅವರಿಗೆ ಬಂದದ್ದು ಶೇ. 80ರಿಂದ 85. ಪ್ರಾಮಾಣಿಕರು, ಪಾಪ. ಆಮೇಲೆ ಮಾಡೆಲ್‌ಗಳು ಸುಧಾರಿಸಿವೆ, ಒಪ್ಪುತ್ತೇನೆ. ಆದರೆ 99 ಅಂದವರು ಹೇಗೆ ಹಂಚಿದೆವು ಅಂತ ಹೇಳಬೇಕಲ್ವಾ?

ಇನ್ನೊಂದು. ಆ ಚಿತ್ರಗಳು 700ಕ್ಕೆ 460 ಪಿಕ್ಸೆಲ್. ಗೆಡ್ಡೆ ಎಲ್ಲಿದೆ, ಎಲ್ಲಿ ನೋಡಬೇಕು ಅಂತ ಆ ಲ್ಯಾಬಿನ ಪೆಥಾಲಜಿಸ್ಟ್ ಮೊದಲೇ ಗುರುತಿಸಿಕೊಟ್ಟಿದ್ದರು. ನಮ್ಮ ಅರ್ಧ ಕೆಲಸವೇ ಅದು ಸ್ವಾಮಿ! ಒಂದೂವರೆ ಸೆಂಟಿಮೀಟರ್ ಚೌಕದ ತುಣುಕನ್ನು ಪಿಕ್ಸೆಲ್ಲಿಗೆ ಕಾಲು ಮೈಕ್ರಾನ್ ಲೆಕ್ಕದಲ್ಲಿ ಸ್ಕ್ಯಾನ್ ಮಾಡಿದರೆ 360 ಕೋಟಿ ಪಿಕ್ಸೆಲ್ ಆಗುತ್ತದೆ. ಅದರಲ್ಲಿ ಮಡಚಿಕೊಂಡ ಜಾಗ, ಗಾಳಿಗುಳ್ಳೆ, ನಾವೇ ಎಳೆದ ಮಾರ್ಕರ್ ಪೆನ್ನಿನ ಗೆರೆ ಎಲ್ಲ ಇರುತ್ತವೆ. ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ಇಲ್ಲದೆ ಬರೀ ಸಲೈನಿನಲ್ಲಿ (ಉಪ್ಪುನೀರಿನಲ್ಲಿ) ಬಂದು ಅರ್ಧ ಕೊಳೆತ ತುಣುಕೂ ಇರುತ್ತದೆ. ಆ ರೋಬೋಗೆ ಇದನ್ನು ಯಾರು ಹೇಳಿದ್ದಾರೆ?

ರೇಡಿಯಾಲಜಿಯವರು ನಗಬೇಡಿ. ಕೋವಿಡ್ ಸಮಯದಲ್ಲಿ ಎಕ್ಸ್‌ರೇ ನೋಡಿ ಕೋವಿಡ್ ಹೇಳುವ ಮಷಿನ್‌ಗಳು ವಾರಕ್ಕೊಂದು ಬರುತ್ತಿದ್ದವು. ಬಹಳ ಜನ ಕೋವಿಡ್ ಇಲ್ಲದವರ ಎಕ್ಸ್‌ರೇ ಅಂತ ಬಳಸಿದ್ದು ಚೀನಾದ ಗುವಾಂಗ್‌ಝೌ ಆಸ್ಪತ್ರೆಯೊಂದರ 1ರಿಂದ 5 ವರ್ಷದ ಮಕ್ಕಳದ್ದು. ಕೋವಿಡ್ ಎಕ್ಸ್‌ರೇಗಳು ದೊಡ್ಡವರದ್ದು. ಮಗುವೋ ದೊಡ್ಡವರೋ ಅಂತ ಹೇಳಿದರೂ ಅಕ್ಯುರಸಿ ಬರುತ್ತದೆ. 2021ರಲ್ಲಿ ಕೇಂಬ್ರಿಡ್ಜಿನವರು ಮುಂದೆ ನಿಂತು ಇಂಥ 62 ಪೇಪರುಗಳನ್ನು ಕೂಲಂಕಷವಾಗಿ ನೋಡಿದರು. ಆಸ್ಪತ್ರೆಯಲ್ಲಿ ಬಳಸಬಹುದಾದದ್ದು ಒಂದೂ ಸಿಗಲಿಲ್ಲ.

ಇದಕ್ಕೆ ಕೆಲವರು "ಮೇಡಂಗೆ ಕೆಲಸ ಹೋಗುವ ಭಯ" ಅನ್ನುತ್ತಾರೆ. ಇವತ್ತೂ ಒಬ್ಬರು ಕ್ಯಾಮೆಲಿಯಾನ್16 ಅನ್ನುವ, ಲಿಂಫ್ ನೋಡ್ ಸ್ಲೈಡುಗಳಲ್ಲಿ ಹಬ್ಬಿದ ಸ್ತನ ಕ್ಯಾನ್ಸರ್ ಹುಡುಕುವ ಸ್ಪರ್ಧೆಯ ಗ್ರಾಫ್ ತೋರಿಸಿ, "ಮಷಿನ್ 0.994, ಪೆಥಾಲಜಿಸ್ಟ್ 0.810" (1 ಬಂದರೆ ಪೂರ್ತಿ ಅಂಕ) ಅಂತ ನಮ್ಮ ಕಡೆ ನೋಡಿ ನಕ್ಕರು. ಆ ಸ್ಪರ್ಧೆಯಲ್ಲಿ 11 ಪೆಥಾಲಜಿಸ್ಟರಿಗೆ ಕೊಟ್ಟದ್ದು 129 ಸ್ಲೈಡಿಗೆ ಸುಮಾರು ಎರಡು ಗಂಟೆ ಅನ್ನುವುದು ಅವರ ಪಿಪಿಟಿಯಲ್ಲಿ ಇರಲಿಲ್ಲ. ಗಡುವಿಲ್ಲದೆ 30 ಗಂಟೆ ಕೂತು ನೋಡಿದ ಒಬ್ಬರಿಗೆ 0.966 ಬಂದದ್ದೂ ಇರಲಿಲ್ಲ.

ಭಯ ಅಲ್ಲ, ಆಸೆ. ನಿಜ ಹೇಳುತ್ತೇನೆ, ಸಂಜೆ ಐದರ ಮೇಲೆ ಒಂದು ಆಪರೇಷನ್ನಿನ ಲಿಂಫ್ ನೋಡ್‌ಗಳ ಟ್ರೇ ಬಂದರೆ ನನಗೆ ಅಳು ಬರುತ್ತದೆ. ಕ್ಯಾನ್ಸರ್ ಅಲ್ಲಿಗೂ ಹಬ್ಬಿದೆಯಾ ಅಂತ ಒಂದೊಂದನ್ನೂ ಅಂಚಿನಿಂದ ಅಂಚಿಗೆ ನೋಡಬೇಕು. ಕತ್ತು ಹಿಡಿದುಕೊಂಡಿರುತ್ತದೆ. ಅಂಥ ಹೊತ್ತಲ್ಲಿ "ಇಲ್ಲಿ ನೋಡಿ" ಅಂತ ಬೆರಳು ತೋರಿಸುವ ಮಷಿನ್ ಸಿಕ್ಕರೆ ಅದಕ್ಕೆ ಆರತಿ ಎತ್ತುತ್ತೇನೆ. ನಂಬಬಹುದಾದದ್ದು ಬೇಕು ಅಂತಲೇ ಈ ರಗಳೆ.

"ಸ್ಟೂಡೆಂಟ್ಸ್ ಮೇಡಂ, ಡೇಟಾ ಎಲ್ಲಿಂದ ತರಬೇಕು, ಉತ್ಸಾಹ ಕುಗ್ಗಿಸಬೇಡಿ" ಅಂತ ಇನ್ನೊಬ್ಬರು. ಬ್ರೆಜಿಲ್ ಡೇಟಾ ಬಳಸಲಿ, ಯಾರು ಬೇಡ ಅಂದರು? ರೋಗಿಗಳನ್ನು ಬೇರೆ ಮಾಡಿ ಹಂಚೋಕೆ ದುಡ್ಡು ಬೇಕಾ? ಕಡತದ ಹೆಸರಲ್ಲೇ ಯಾವ ಸ್ಲೈಡು ಅಂತ ಬರೆದಿದೆ. ಹುಡುಗನ ಮೇಲೆ ನನಗೆ ಸಿಟ್ಟೂ ಇಲ್ಲ. ಗೈಡ್ ಆದವರು ಒಮ್ಮೆ ಕೇಳಬೇಕಿತ್ತು. ಸ್ಟೇಜ್ ಕೊಟ್ಟವರು ಕೇಳಬೇಕಿತ್ತು.

ಹೊಟ್ಟೆ ತಣ್ಣಗಾದದ್ದು ಒಂದೇ ಕಡೆ. ಊಟದ ಹಾಲ್ ಮೂಲೆಯಲ್ಲಿ, ವಾಶ್‌ಬೇಸಿನ್ ಪಕ್ಕ, ಒಬ್ಬ ಪಿಜಿ ಹುಡುಗಿಯ ಪೋಸ್ಟರ್. ತನ್ನ ಲ್ಯಾಬಿನ ಸ್ಕ್ಯಾನರ್ ಯಾವ್ಯಾವ ಸ್ಲೈಡಲ್ಲಿ ಫೋಕಸ್ ತಪ್ಪಿತು, ಯಾಕೆ ತಪ್ಪಿತು ಅಂತ ಪಟ್ಟಿ ಮಾಡಿದ್ದಳು. ದಪ್ಪ ಕತ್ತರಿಸಿದ್ದು, ಮೇಲೆ ಮುಚ್ಚುವ ತೆಳು ಗಾಜು (ಕವರ್‌ಸ್ಲಿಪ್) ಓರೆಯಾದದ್ದು, ಮೌಂಟಿಂಗ್ ಅಂಟು ಜಾಸ್ತಿಯಾದದ್ದು. ಮೊದಲ ಸಾಲಿನಲ್ಲೇ ಎಷ್ಟು ರೋಗಿಗಳು ಅಂತ ಇತ್ತು. ಅಕ್ಯುರಸಿ ಗಿಕ್ಯುರಸಿ ಏನೂ ಇಲ್ಲ. ಬಹುಮಾನವೂ ಇಲ್ಲ, ಬಿಡಿ. ಜಡ್ಜ್‌ಗಳು ಕೈ ತೊಳೆಯೋಕೆ ಬಂದಾಗ ಅದರ ಮುಂದೆ ನಿಂತಿದ್ದರು, ಅಷ್ಟೇ.

ನಿಮ್ಮ ಮನೆಯ ಇಂಜಿನಿಯರಿಂಗ್ ಮಕ್ಕಳು ಇಂಥ ಪ್ರಾಜೆಕ್ಟ್ ಮಾಡುತ್ತಿದ್ದರೆ ನನಗೊಂದು ಮೆಸೇಜ್ ಹಾಕಿ. ಅನುಮತಿ ತೆಗೆದುಕೊಂಡು ಒಂದು ದಿನ ಲ್ಯಾಬಿಗೆ ಕರೆಸಿಕೊಳ್ಳುತ್ತೇನೆ. ತುಣುಕು ಡಬ್ಬಿಯಿಂದ ಹೊರಗೆ ಬರುವಲ್ಲಿಂದ ಬಣ್ಣ ಹತ್ತಿ ಗಾಜಿನ ಮೇಲೆ ಕೂರುವ ತನಕ ನೋಡಲಿ. ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತದೆ, ಈಗಲೇ ಹೇಳಿದ್ದೇನೆ. ತಿಂಡಿ ಸ್ವಲ್ಪ ಕಮ್ಮಿ ತಿಂದು ಬರಲಿ.